ಒಸಾಕಾದ ಬ್ರೆಡ್ ಪೆಟ್ಟಿಗೆ, ಧಾರವಾಡದ ರೊಟ್ಟಿ

ಮಕ್ಕಳೇ, ಬೆಳಿಗ್ಗೆ ನಿಮ್ಮನ್ನು ಎಬ್ಬಿಸುವುದು ಏನು? ಅಮ್ಮನ ಕೂಗೋ, ಅಲಾರಾಂ ಸದ್ದೋ, ಹಾಲಿನವರ ಗಂಟೆಯೋ? ಮಾರ್ಚ್ ಕೊನೆಯ ಒಂದು ದಿನ ಜಪಾನಿನ ಒಸಾಕಾ ನಗರದಲ್ಲಿ ನನ್ನನ್ನು ಎಬ್ಬಿಸಿದ್ದು ಒಂದು ವಾಸನೆ.

ನಾನು ಧಾರವಾಡದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು ಒಸಾಕಾದಲ್ಲಿದ್ದಾರೆ. ಮೊಮ್ಮಗಳನ್ನು ನಾವೆಲ್ಲ ಪುಟ್ಟಿ ಎನ್ನುತ್ತೇವೆ. ಅವಳು ನನ್ನನ್ನು ನಮ್ಮ ಕಡೆಯ ರೂಢಿಯಂತೆ 'ಆಯಿ' ಎನ್ನುತ್ತಾಳೆ. ಜಪಾನಿನ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಅದಕ್ಕೆ ಮೊದಲು ಚಿಕ್ಕದೊಂದು ವಸಂತದ ರಜೆ. ಆ ರಜೆ ನೋಡಿಕೊಂಡೇ ನನ್ನನ್ನು ಕರೆಸಿದ್ದರು.

ನಾನು ಕಣ್ಣು ತೆರೆದಾಗ ಅಲ್ಲಿ ಬೆಳಗಿನ ಆರು ಗಂಟೆ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಧಾರವಾಡದಲ್ಲಿ ಆಗ ನಡುರಾತ್ರಿ ಎರಡೂವರೆ. ಆದರೂ ಮೂಗು ಎಚ್ಚರವಾಗಿತ್ತು. ಬೇಕರಿಯ ಮುಂದೆ ಹಾದುಹೋಗುವಾಗ ಬರುತ್ತದಲ್ಲ, ಅಂಥ ಬೆಚ್ಚನೆಯ ಘಮ. ಎದ್ದು ಅಡುಗೆಮನೆಗೆ ಹೋದೆ. ಯಾರೂ ಇರಲಿಲ್ಲ. ಒಲೆ ಹೊತ್ತಿಸಿರಲಿಲ್ಲ. ಕಟ್ಟೆಯ ಮೇಲೆ ಅಕ್ಕಿ ಡಬ್ಬಿಯಷ್ಟು ಎತ್ತರದ ಒಂದು ಬಿಳಿ ಪೆಟ್ಟಿಗೆ. ಅದರ ಕಿಂಡಿಯಿಂದ ಬಿಸಿಗಾಳಿ ಬರುತ್ತಿತ್ತು. ಏನಪ್ಪಾ ಇದು ಎಂದು ಬಗ್ಗುವಷ್ಟರಲ್ಲಿ ಅದು ಪೀಪೀಪೀ ಎಂದು ಕೂಗಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಆಯಿ, ಮುಟ್ಟಬ್ಯಾಡ, ಬಿಸಿ ಅದ!" ಪುಟ್ಟಿ ಓಡಿ ಬಂದಳು. ದಪ್ಪ ಕೈಚೀಲ ತೊಟ್ಟು ಮುಚ್ಚಳ ತೆಗೆದು ಒಳಗಿನ ಪಾತ್ರೆಯನ್ನು ಎತ್ತಿ ಬೋರಲು ಹಾಕಿ ಕುಲುಕಿದಳು. ಹೊಂಬಣ್ಣದ ಬ್ರೆಡ್ಡು ತಂತಿಯ ಜಾಲರಿಯ ಮೇಲೆ ಧೊಪ್ಪೆಂದು ಬಿತ್ತು. ರಾತ್ರಿ ನಾವೆಲ್ಲ ಮಲಗಿದ್ದಾಗ ಪೆಟ್ಟಿಗೆ ತಾನೇ ಹಿಟ್ಟು ನಾದಿ, ಹುದುಗಿಸಿ, ಬೇಯಿಸಿ ಇಟ್ಟಿತ್ತು!

ಅದರೊಳಗೆ ಏನಾಗುತ್ತದೆ ಎಂದು ಪುಟ್ಟಿ ನನಗೆ ಪಾಠ ಮಾಡಿದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು ಅಂದು ವಿದ್ಯಾರ್ಥಿನಿಯಾದೆ. ಚಿಕ್ಕ ತಕ್ಕಡಿಯ ಮೇಲೆ ಪಾತ್ರೆಯಿಟ್ಟು 250 ಗ್ರಾಂ ಬ್ರೆಡ್ ಹಿಟ್ಟು ಹಾಕಬೇಕು. 5 ಗ್ರಾಂ ಉಪ್ಪು, ಸ್ವಲ್ಪ ಸಕ್ಕರೆ, ಹಾಲಿನ ಪುಡಿ, ಬೆಣ್ಣೆ, 180 ಮಿಲಿಲೀಟರ್ ನೀರು. ಯೀಸ್ಟ್ ಎಂಬ ಹುದುಗುವ ಪುಡಿ ಮಾತ್ರ ಮುಚ್ಚಳದ ಬೇರೆಯ ಗೂಡಿನಲ್ಲಿರುತ್ತದೆ, ಸಮಯ ಬಂದಾಗ ಅದಾಗಿಯೇ ಉದುರುತ್ತದೆ. ಪಾತ್ರೆಯ ತಳದಲ್ಲಿ ಒಂದು ಚಿಕ್ಕ ರೆಕ್ಕೆ ತಿರುಗಿ ಹಿಟ್ಟನ್ನು ನಾದುತ್ತದೆ. ಆಮೇಲೆ ಹಿಟ್ಟಿಗೆ ವಿಶ್ರಾಂತಿ. ಮತ್ತೆ ನಾದುವುದು, ಉಬ್ಬುವುದು, ಕೊನೆಗೆ ಬೇಯುವುದು. ಒಟ್ಟು ನಾಲ್ಕು ಗಂಟೆಯ ಕೆಲಸ.

"ಇದಕ್ಕ ಇಲ್ಲಿ ಏನಂತಾರ?" ಎಂದು ಬ್ರೆಡ್ಡು ತೋರಿಸಿ ಕೇಳಿದೆ.

"ಪಾನ್."

"ಪಾನ್? ನಮ್ಮ ಕಡೆ ಪಾವ್ ಅಂತಾರಲ್ಲ, ಹಂಗೇ ಅದ!"

ನಿಜಕ್ಕೂ ಇವೆರಡೂ ಒಂದೇ ತಾಯಿಯ ಮಕ್ಕಳು. ಪೋರ್ಚುಗೀಸ್ ಭಾಷೆಯಲ್ಲಿ ಬ್ರೆಡ್ಡಿಗೆ 'ಪಾಂವ್' ಎಂಬಂಥ ಹೆಸರಿದೆ. ಆ ನಾವಿಕರು ಗೋವೆಗೆ ತಂದ ಮಾತು ನಮ್ಮ ವಡಾಪಾವ್‌ವರೆಗೂ ಬಂತು. ಅವರೇ 1543ರಲ್ಲಿ ಜಪಾನಿನ ತೀರ ಮುಟ್ಟಿದರು, ಅಲ್ಲಿ ಅದೇ ಮಾತು 'ಪಾನ್' ಆಯಿತು. ಅನ್ನ ಉಣ್ಣುವ ಜಪಾನೀಯರಿಗೆ ಬ್ರೆಡ್ಡು ಬಹುಕಾಲ ಪರದೇಶದ ತಿಂಡಿಯಾಗಿಯೇ ಉಳಿಯಿತು. 1874ರಲ್ಲಿ ಟೋಕಿಯೋದ ಕಿಮುರಾಯ ಎಂಬ ಅಂಗಡಿಯವರು ಅದರೊಳಗೆ ಸಿಹಿ ಹುರುಳಿಯಂಥ ಕಾಳಿನ ಹೂರಣ ತುಂಬಿದರು. ಹೋಳಿಗೆ ತಿನ್ನುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ! 'ಆನ್‌ಪಾನ್' ಎಂಬ ಆ ತಿಂಡಿ ಜನರಿಗೆ ಹಿಡಿಸಿತು, ಇಂದಿಗೂ ಹಿಡಿಸುತ್ತದೆ. ಎರಡನೆಯ ಮಹಾಯುದ್ಧದ ನಂತರ ಶಾಲೆಯ ಊಟದಲ್ಲಿ ಬ್ರೆಡ್ಡು ಕೊಡಲಾರಂಭಿಸಿದರು. ಹೀಗೆ ಒಂದು ಇಡೀ ತಲೆಮಾರಿನ ಮಕ್ಕಳು ಬ್ರೆಡ್ಡಿನ ರುಚಿ ಕಲಿತರು.

ಇನ್ನೊಂದು ಮಜಾ ಕೇಳಿ. ಬ್ರೆಡ್ಡಿನ ಅಂಚಿಗೆ ಅವರು 'ಮಿಮಿ' ಅನ್ನುತ್ತಾರೆ. ಮಿಮಿ ಅಂದರೆ ಕಿವಿ! "ಆಯಿ, ನನಗ ಕಿವಿ ಬ್ಯಾಡ, ನೀ ತಿನ್ನು" ಎಂದು ಪುಟ್ಟಿ ಅಂಚನ್ನೆಲ್ಲ ಕಿತ್ತು ನನ್ನ ತಟ್ಟೆಗೆ ಹಾಕುತ್ತಿದ್ದಳು.

ಆ ಪೆಟ್ಟಿಗೆಯ ಮೇಲೆ ನನಗೆ ಕುತೂಹಲ ಹುಟ್ಟಿದ್ದು ನೋಡಿ ಮಗಳು ಒಂದು ಶನಿವಾರ ನಮ್ಮನ್ನು ಕದೊಮಾಕ್ಕೆ ಕರೆದುಕೊಂಡು ಹೋದಳು. ಅದು ಒಸಾಕಾಕ್ಕೆ ಅಂಟಿಕೊಂಡಿರುವ ಊರು. ಕೇಹಾನ್ ರೈಲಿನಲ್ಲಿ ಹೋಗಿ ನಿಶಿಸಾನ್ಸೋ ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷದ ನಡಿಗೆಯಲ್ಲಿ ಪ್ಯಾನಾಸೋನಿಕ್ ಮ್ಯೂಸಿಯಂ. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಪಕ್ಕದಲ್ಲೇ ಚೆರ್ರಿ ಮರಗಳ ತೋಟ. ನಾವು ಹೋದಾಗ ಎಲೆಯೇ ಕಾಣದಂತೆ ತಿಳಿಗುಲಾಬಿ ಹೂ ಬಿಟ್ಟಿದ್ದವು.

ಆ ಕಂಪನಿ ಕಟ್ಟಿದವರು ಕೊನೊಸುಕೆ ಮತ್ಸುಶಿತಾ. ಹುಟ್ಟಿದ್ದು 1894ರಲ್ಲಿ, ವಕಯಾಮಾ ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ ಬಂದು, ಶಾಲೆ ಅರ್ಧಕ್ಕೆ ಬಿಟ್ಟು, ಒಸಾಕಾದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಲು ಒಬ್ಬನೇ ರೈಲು ಹತ್ತಿದಾಗ ಆತನಿಗೆ ಒಂಬತ್ತು ವರ್ಷ. ಇದನ್ನು ಓದಿ ಹೇಳಿದಾಗ ಪುಟ್ಟಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೂ ಒಂಬತ್ತೇ ಅಲ್ಲವೇ? ಮುಂದೆ 1918ರಲ್ಲಿ ಹೆಂಡತಿ ಮತ್ತು ಹೆಂಡತಿಯ ತಮ್ಮನ ಜೊತೆಗೂಡಿ ಅವರು ಸ್ವಂತ ಉದ್ಯೋಗ ಶುರುಮಾಡಿದರು. ಮೊದಮೊದಲು ಮಾಡಿದ್ದು ವಿದ್ಯುತ್ ದೀಪಕ್ಕೆ ಸಿಕ್ಕಿಸುವ ಪ್ಲಗ್ಗು, ಸಾಕೆಟ್ಟಿನಂಥ ಪುಟ್ಟ ಸಾಮಾನು.

ತೋಟದ ಹತ್ತಿರ ಕುಳಿತು ಬುತ್ತಿ ಬಿಚ್ಚಿದಾಗ ಮಗಳು ಒಂದು ಕತೆ ಹೇಳಿದಳು. "ಅವ್ವ, ಇದನ್ನ ನಾ ಎಂ.ಬಿ.ಎ. ಓದುವಾಗ ಪಾಠದಾಗ ಓದೇನಿ. ಬ್ರೆಡ್ ಮಷಿನ್ ಹೆಂಗ ಹುಟ್ಟಿತು ಅನ್ನೋದು." ಇಕುಜಿರೊ ನೊನಾಕಾ ಎಂಬ ಜಪಾನಿ ಪ್ರಾಧ್ಯಾಪಕರು ಬರೆದು, ಜಗತ್ತಿನ ಕಾಲೇಜುಗಳಿಗೆಲ್ಲ ಪಾಠವಾಗಿರುವ ಕತೆಯಂತೆ ಅದು.

1980ರ ದಶಕದಲ್ಲಿ ಮತ್ಸುಶಿತಾ ಅವರ ಕಂಪನಿಯಲ್ಲಿ ಮೂರು ವಿಭಾಗಗಳನ್ನು ಒಂದುಗೂಡಿಸಿದರು. ಒಂದು ಅನ್ನ ಬೇಯಿಸುವ ಕುಕ್ಕರಿನದು, ಒಂದು ಟೋಸ್ಟರಿನಂಥ ಬಿಸಿ ಮಾಡುವ ಸಾಮಾನಿನದು, ಮತ್ತೊಂದು ಮಿಕ್ಸಿಯಂಥ ತಿರುಗುವ ಸಾಮಾನಿನದು. ಮೂವರೂ ಸೇರಿ ಮಾಡಬಹುದಾದ ವಸ್ತು ಯಾವುದು? ತಿರುಗಬೇಕು, ಬಿಸಿಯಾಗಬೇಕು, ಹೊತ್ತುಹೊತ್ತಿಗೆ ತಾನೇ ಬದಲಾಗಬೇಕು. ಬ್ರೆಡ್ ಮಾಡುವ ಯಂತ್ರ!

ಆದರೆ ಮೊದಲು ಮಾಡಿದ ಯಂತ್ರಗಳಿಂದ ಬಂದ ಬ್ರೆಡ್ಡು ಹೊರಗೆ ಸೀದು, ಒಳಗೆ ಹಸಿಯಾಗಿರುತ್ತಿತ್ತು. ಯಂತ್ರ ನಾದಿದ ಹಿಟ್ಟು, ನುರಿತ ಬೇಕರಿಯವರು ನಾದಿದ ಹಿಟ್ಟು, ಎರಡಕ್ಕೂ ಎಕ್ಸ್-ರೇ ತೆಗೆದು ನೋಡಿದರಂತೆ! ಆದರೂ ಗುಟ್ಟು ಸಿಗಲಿಲ್ಲ. ಆಗ ಇಕುಕೊ ತನಾಕಾ ಎಂಬ ಯುವತಿ ಒಂದು ದಾರಿ ಸೂಚಿಸಿದರು. ಅವರ ಕೆಲಸ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವುದು. ಒಸಾಕಾದಲ್ಲೇ ಅತ್ಯುತ್ತಮ ಬ್ರೆಡ್ಡು ಎಂದು ಹೆಸರಾದದ್ದು ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನದು. ಅಲ್ಲಿನ ಮುಖ್ಯ ಬೇಕರಿಯವರ ಬಳಿ ತಾವೇ ಶಿಷ್ಯೆಯಾಗಿ ಸೇರಿದರು.

ಗುರುಗಳಿಗೆ ಕೈ ಚೆನ್ನಾಗಿ ಬರುತ್ತಿತ್ತು, ಆದರೆ ತಮ್ಮ ಕೈ ಏನು ಮಾಡುತ್ತದೆಂದು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ತನಾಕಾ ಪಕ್ಕದಲ್ಲಿ ನಿಂತು ನೋಡಿದರು, ತಾವೂ ನಾದಿದರು. ಒಂದು ದಿನ ಕಣ್ಣಿಗೆ ಬಿತ್ತು: ಗುರುಗಳು ಹಿಟ್ಟನ್ನು ಬರೀ ಎಳೆಯುತ್ತಿಲ್ಲ, ಎಳೆಯುವಾಗ ತಿರುಚುತ್ತಲೂ ಇದ್ದಾರೆ! ಆ ತಿರುಚನ್ನು ಯಂತ್ರಕ್ಕೆ ಕಲಿಸಲು ಎಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಉಬ್ಬಿದ ಏಣುಗಳನ್ನಿಟ್ಟರು. ರೆಕ್ಕೆ ತಿರುಗಿದಾಗ ಹಿಟ್ಟು ಏಣಿಗೆ ತಡೆದು, ಹಿಗ್ಗಿ, ತಿರುಚಿಕೊಳ್ಳುತ್ತದೆ. ಹೀಗೆ ತಿದ್ದುತ್ತ ತಿದ್ದುತ್ತ ಸುಮಾರು ಒಂದು ವರ್ಷ ಹಿಡಿಯಿತು. 1987ರಲ್ಲಿ ಯಂತ್ರ ಅಂಗಡಿಗೆ ಬಂತು. ಮನೆಯಲ್ಲಿ ಬಳಸುವ ಬ್ರೆಡ್ ಯಂತ್ರಗಳಲ್ಲಿ ಅದು ಮೊದಮೊದಲಿನದು.

ಮನೆಗೆ ಬಂದವಳೇ ಪುಟ್ಟಿ ನಮ್ಮ ಪೆಟ್ಟಿಗೆಯ ಪಾತ್ರೆಯೊಳಗೆ ಬೆರಳಾಡಿಸಿ ಕೂಗಿದಳು. "ಆಯಿ, ಏಣು ಅದ! ಇಲ್ಲೇ ಅದ!" ನಾನೂ ಮುಟ್ಟಿ ನೋಡಿದೆ. ಹೆಸರೂ ಗೊತ್ತಿಲ್ಲದ ಒಬ್ಬ ಬೇಕರಿಯವರ ಕೈಯನ್ನೇ ಮುಟ್ಟಿದಂತಾಯಿತು.

ಆ ರಾತ್ರಿ ಬ್ರೆಡ್ಡಿಗೆ ಇಡುವ ಪಾಳಿ ನಮ್ಮಿಬ್ಬರದು. ಪುಟ್ಟಿ ತೂಗಿದಳು, ನಾನು ಸುರಿದೆ. ಬೆಳಿಗ್ಗೆ ಎದ್ದರೆ ವಾಸನೆ ಯಾಕೋ ಬೇರೆ. ಮುಚ್ಚಳ ತೆಗೆದರೆ ಮೇಲೆ ಒಣಹಿಟ್ಟಿನ ಗುಡ್ಡ, ಕೆಳಗೆ ಬೆಂದ ಕೆಸರು. ಆಗಿದ್ದಿಷ್ಟೇ: ಪಾತ್ರೆ ತೊಳೆದವಳು ನಾನು, ತಿರುಗುವ ಪುಟ್ಟ ರೆಕ್ಕೆಯನ್ನು ಸಿಂಕಿನ ಪಕ್ಕ ಒಣಗಲು ಇಟ್ಟು ಮರೆತಿದ್ದೆ! ಯಂತ್ರ ಪಾಪ, ರಾತ್ರಿಯೆಲ್ಲ ಖಾಲಿ ಕಡ್ಡಿ ತಿರುಗಿಸಿ, ಹೊತ್ತಿಗೆ ಸರಿಯಾಗಿ ಬೇಯಿಸಿ, ಪೀಪೀ ಎಂದು ಕೂಗಿತ್ತು. ಪುಟ್ಟಿಗೆ ಅಳುವೇ ಬಂತು. ಆ ಗಟ್ಟಿ ಗಡ್ಡೆಯನ್ನು ಎಸೆಯಲು ಹೊರಟಾಗ ಎದುರು ಮನೆಯ ಬಾಗಿಲು ತೆರೆಯಿತು.

ಅಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಇದ್ದರು. ಜಪಾನಿನಲ್ಲಿ ಅಜ್ಜಿಗೆ 'ಒಬಾಆಸಾನ್' ಎನ್ನುತ್ತಾರೆ. ಗಡ್ಡೆಯನ್ನು ನೋಡಿದವರೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಾವೂ ಮೂರು ಸಲ ರೆಕ್ಕೆ ಹಾಕುವುದು ಮರೆತಿದ್ದರಂತೆ. ನಮ್ಮಿಬ್ಬರನ್ನೂ ಒಳಗೆ ಕರೆದರು. ಅವರಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು. ನಡುವೆ ದುಭಾಷಿಯಾಗಿ ಪುಟ್ಟಿ.

ಅಜ್ಜಿಯ ಮನೆಯಲ್ಲೂ ಒಂದು ಬ್ರೆಡ್ ಪೆಟ್ಟಿಗೆಯಿತ್ತು. ಮಕ್ಕಳು ಶಾಲೆಗೆ ಹೋಗುತ್ತಿದ್ದಾಗ ಕೊಂಡದ್ದು. ಬಹಳ ವರ್ಷ ದುಡಿದು ದಣಿದು ನಿಂತಿತ್ತು. ಎಸೆಯಲು ಮನಸ್ಸಾಗದೆ ಅದರೊಳಗೆ ದಾರದುಂಡೆ ಇಟ್ಟಿದ್ದರು. ಈಗ ಅಜ್ಜಿ ವಾರಕ್ಕೊಮ್ಮೆ ಕೈಯಲ್ಲೇ ಬ್ರೆಡ್ಡು ಮಾಡುತ್ತಾರೆ.

ಅಂದು ನಮ್ಮೆದುರಿಗೇ ಹಿಟ್ಟು ಕಲಸಿದರು. ಮೊದಲು ಕೈಗೆಲ್ಲ ಮೆತ್ತುವ ಅಂಟು. ಅಂಗೈಯ ಬುಡದಿಂದ ಮುಂದೆ ತಳ್ಳುವುದು, ಮಡಚುವುದು, ಕಾಲು ಸುತ್ತು ತಿರುಗಿಸುವುದು, ಮತ್ತೆ ತಳ್ಳುವುದು. ಹತ್ತು ನಿಮಿಷದಲ್ಲಿ ಅಂಟು ಮಾಯವಾಗಿ ಹಿಟ್ಟು ನುಣುಪಾಯಿತು. ಒಂದು ತುಂಡು ಕಿತ್ತು ಬೆಳಕಿಗೆ ಹಿಡಿದು ಮೆಲ್ಲಗೆ ಎಳೆದರು. ಹರಿಯದೆ ತೆಳ್ಳಗಾಗಿ, ಆಚೆ ಅವರ ಬೆರಳು ಮಸುಕಾಗಿ ಕಂಡಿತು. "ಸಾಕು ಅಂತ ಹೆಂಗ ಗೊತ್ತಾಗತದ ಕೇಳು" ಎಂದೆ ಪುಟ್ಟಿಗೆ. ಅವಳು ಅನುವಾದಿಸುವ ಮೊದಲೇ ಅಜ್ಜಿ ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ಪುಟ್ಟಿಯ ಕಿವಿಯ ಹಾಲೆ ಹಿಡಿದು ತೋರಿಸಿದರು. ಹಿಟ್ಟು ಕಿವಿಹಾಲೆಯಷ್ಟು ಮೆತ್ತಗಿರಬೇಕು! ಜಪಾನಿನ ಅಡುಗೆಯಲ್ಲಿ ಇದು ಹಳೆಯ ಅಳತೆಯಂತೆ. ತಕ್ಕಡಿ ಬೇಡ, ಕಿವಿ ಎಲ್ಲರ ಬಳಿಯೂ ಇದೆ.

"ನಿಮಗ ಯಾರು ಕಲಿಸಿದ್ರು, ನಿಮ್ಮ ಅವ್ವನ?" ಎಂದು ಕೇಳಿಸಿದೆ.

ಅಜ್ಜಿ ತಲೆಯಾಡಿಸಿದರು. ಅವರ ತಾಯಿ ಅನ್ನ ಬೇಯಿಸಿದವರು, ಬ್ರೆಡ್ಡು ಮಾಡಿದವರಲ್ಲ. ಅಜ್ಜಿ ಕೈ ತೋರಿಸಿದ್ದು ದಾರದುಂಡೆಯ ಪೆಟ್ಟಿಗೆಯ ಕಡೆಗೆ. ಅದು ನಾದುವಾಗ ಮುಚ್ಚಳ ತೆಗೆದು ನೋಡುತ್ತಿದ್ದರಂತೆ, ನಡುವೆ ಬೆರಳಿಂದ ಮುಟ್ಟುತ್ತಿದ್ದರಂತೆ. ಅದು ನಿಂತುಹೋದಾಗ, ಅದು ಮಾಡುತ್ತಿದ್ದುದನ್ನೇ ಕೈಯಲ್ಲಿ ಮಾಡಿ ನೋಡಿದರಂತೆ.

ನನಗೆ ಚೆರ್ರಿ ಮರದ ಹತ್ತಿರ ಕೇಳಿದ ಕತೆ ನೆನಪಾಯಿತು. ಬೇಕರಿಯವರ ಕೈಯಿಂದ ಯಂತ್ರ ಕಲಿಯಿತು. ಯಂತ್ರದಿಂದ ಈ ಅಜ್ಜಿಯ ಕೈ ಕಲಿಯಿತು. ಈಗ ಅಜ್ಜಿಯ ಪಕ್ಕ ಸ್ಟೂಲಿನ ಮೇಲೆ ನಿಂತು ಪುಟ್ಟಿ ಹಿಟ್ಟು ತಳ್ಳುತ್ತಿದ್ದಳು.

ಅಷ್ಟರಲ್ಲಿ ಅಜ್ಜಿ ಏನೋ ಕೇಳಿದರು. ಪುಟ್ಟಿ ಎದೆಯುಬ್ಬಿಸಿ ಉತ್ತರ ಹೇಳಿ ನನ್ನ ಕಡೆ ತಿರುಗಿದಳು. "ನಿಮ್ಮ ಊರಾಗ ಯಾವ ಪಾನ್ ಮಾಡ್ತೀರಿ ಅಂತ ಕೇಳಿದ್ರು. ನಮ್ಮ ಆಯಿ ಕೈಲೇ ಬಡದು ಜೋಳದ ರೊಟ್ಟಿ ಮಾಡ್ತಾಳ ಅಂದೆ. ನಾಳೆ ನಮ್ಮನಿಗೆ ಬರ್ತಾರ, ನೋಡಾಕ!"

ನನ್ನ ಎದೆ ಧಸಕ್ಕೆಂದಿತು. ಮಕ್ಕಳೇ, ನಿಮಗೆ ನಿಜ ಹೇಳುತ್ತೇನೆ. ನಾನು ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವಳು, ಬಡಿದವಳಲ್ಲ. ನಮ್ಮವ್ವ ಇರುವವರೆಗೆ ಅವ್ವ ಬಡಿದಳು. ಆಮೇಲೆ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನ ಮನೆಯಿಂದ ತಂದೆ. ಇದನ್ನು ಪುಟ್ಟಿಗೆ ಎಂದೂ ಹೇಳಿರಲಿಲ್ಲ.

ಮರುದಿನ ಅಜ್ಜಿ ಬಂದರು. ಮಗಳು ಭಾರತೀಯ ದಿನಸಿ ಅಂಗಡಿಯಿಂದ ತಂದಿಟ್ಟ ಜೋಳದ ಹಿಟ್ಟಿತ್ತು. ಕಂಡ ನೆನಪಿನ ಮೇಲೆ ನೀರು ಕುದಿಸಿ ಎಸರು ಹಾಕಿದೆ, ನಾದಿದೆ. ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಬಡಿಯತೊಡಗಿದೆ. ನಾಲ್ಕು ಬಡಿತಕ್ಕೆ ಅಂಚು ಸೀಳಿತು. ಕೂಡಿಸಿದೆ. ಇನ್ನೊಂದು ಕಡೆ ಸೀಳಿತು. ಎತ್ತಿ ಹಂಚಿಗೆ ಹಾಕುವಾಗ ಮೂರು ತುಂಡಾಗಿ ಬಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ಅದು ಯಾಕೆ ಒಡೆಯುತ್ತದೆಂದು ನಾನು ಶಾಲೆಯಲ್ಲಿ ಹೇಳಿಕೊಟ್ಟವಳೇ. ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ನೀರು ಹಾಕಿ ನಾದಿದಾಗ ಅದು ರಬ್ಬರಿನಂಥ ಬಲೆಯಾಗುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಆ ಬಲೆ ಹಿಡಿದಿಡುವುದರಿಂದಲೇ ಬ್ರೆಡ್ಡು ಉಬ್ಬುವುದು. ನೀವೂ ಮಾಡಿ ನೋಡಿ. ಮೈದಾಹಿಟ್ಟನ್ನು ಚೆನ್ನಾಗಿ ನಾದಿ, ಅರ್ಧ ಗಂಟೆ ನೀರಲ್ಲಿ ಮುಳುಗಿಸಿಡಿ. ನಂತರ ಆ ನೀರಿನಲ್ಲೇ ಮೆಲ್ಲಗೆ ಹಿಸುಕಿ, ನೀರು ಬದಲಿಸುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ಹೋಗಿ ಕೊನೆಗೆ ಕೈಯಲ್ಲಿ ಎಳೆದರೆ ಹಿಗ್ಗುವ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಜೋಳದ ಹಿಟ್ಟಿನಿಂದ ಹೀಗೆ ಮಾಡಿದರೆ ಕೈಯಲ್ಲಿ ಏನೂ ಉಳಿಯದು. ಜೋಳಕ್ಕೆ ಆ ಬಲೆಯಿಲ್ಲ. ಅದಕ್ಕೇ ನಾವು ಕುದಿಯುವ ಎಸರು ಹಾಕುವುದು: ಬಿಸಿನೀರಿಗೆ ಪಿಷ್ಟ ಬೆಂದು ಜಿಗಿಯಾಗಿ ಹಿಟ್ಟನ್ನು ಹಿಡಿಯುತ್ತದೆ. ಉಳಿದದ್ದೆಲ್ಲ ಕೈಯ ಜವಾಬ್ದಾರಿ.

ಕಾರಣ ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಪುಟ್ಟಿ ಒಮ್ಮೆ ತುಂಡುಗಳನ್ನು, ಒಮ್ಮೆ ನನ್ನ ಮುಖವನ್ನು ನೋಡಿದಳು. "ಆಯಿ, ನಿನಗ ಬರೂದಿಲ್ಲೇನು?" ಎಂದಳು. ಬೈಗುಳವಲ್ಲ, ಬರೀ ಪ್ರಶ್ನೆ. ಅದಕ್ಕೇ ಅದು ಇನ್ನೂ ಚುಚ್ಚಿತು.

"ಇಲ್ಲ ಪುಟ್ಟಿ, ಬರೂದಿಲ್ಲ. ನಮ್ಮವ್ವಗ ಬರ್ತಿತ್ತು. ನಾ ಕಲೀಲಿಲ್ಲ."

ಅವಳು ಇದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಒಂದು ತುಂಡು ರೊಟ್ಟಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದು, "ಒಯಿಶೀ" ಎಂದರು. ರುಚಿಯಾಗಿದೆ ಎಂದು ಅದರ ಅರ್ಥ. ಉಳಿದ ತುಂಡುಗಳನ್ನು ಬೆಣ್ಣೆ ಹಚ್ಚಿಕೊಂಡು ನಾವು ಮೂವರೂ ತಿಂದೆವು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಚಿಕ್ಕಂದಿನಲ್ಲಿ ನಾನು ಏಳುತ್ತಿದ್ದುದೇ ಅವ್ವನ ರೊಟ್ಟಿ ಬಡಿತದ ಸದ್ದಿಗೆ. ತಪ್ ತಪ್ ತಪ್. ಸದ್ದು ನಿಂತರೆ ರೊಟ್ಟಿ ಹಂಚಿಗೆ ಬಿತ್ತು ಎಂದು ಹಾಸಿಗೆಯಿಂದಲೇ ಗೊತ್ತಾಗುತ್ತಿತ್ತು. "ಬಾ, ಕೂಡು, ನೋಡು" ಎಂದು ಅವ್ವ ಎಷ್ಟು ಸಲ ಕರೆದಿದ್ದಳು. ಮೊದಲು ಪರೀಕ್ಷೆಯ ನೆಪ, ಆಮೇಲೆ ನೌಕರಿಯ ನೆಪ. "ನಾಳೆ ಕಲೀತೀನಿ ಬೇ" ಎನ್ನುತ್ತಿದ್ದೆ. ಓದು, ನೌಕರಿ ತಪ್ಪಲ್ಲ. ಅವ್ವನೇ ಹೊಡೆದಾಡಿ ನನ್ನನ್ನು ಓದಿಸಿದಳು. ಆದರೆ ಆ ನಾಳೆ ಬರುವ ಮೊದಲೇ ಅವ್ವ ಹೋದಳು. ನಮ್ಮಲ್ಲೀಗ ಕರೆಂಟಿನ ರೊಟ್ಟಿ ಮಷಿನ್ನುಗಳೂ ಬಂದಿವೆ. ಅವು ಬಂದದ್ದಕ್ಕೆ ನನಗೆ ಬೇಸರವಿಲ್ಲ, ಸೊಂಟನೋವಿನ ಹೆಂಗಸರಿಗೆ ದೊಡ್ಡ ಉಪಕಾರ. ಆದರೆ ತನಾಕಾ ಎಂಬ ಆ ಹುಡುಗಿ ಪರರ ಗುರುವಿನ ಪಕ್ಕದಲ್ಲಿ ನಿಂತು ನೋಡಿದಷ್ಟು ಹೊತ್ತು ನಾನು ನನ್ನ ಅವ್ವನ ಪಕ್ಕದಲ್ಲಿ ನಿಲ್ಲಲಿಲ್ಲವಲ್ಲ ಎಂಬುದು ಬಾಧಿಸಿತು.

ಧಾರವಾಡಕ್ಕೆ ಮರಳಿದ ಮೂರನೆಯ ದಿನವೇ ರೊಟ್ಟಿ ಮಾರುವ ಅಕ್ಕನ ಮನೆಗೆ ಹೋದೆ. "ರೊಟ್ಟಿ ಬ್ಯಾಡ, ಬಡಿಯೋದು ಕಲಸು" ಎಂದೆ. ಆಕೆ ನಕ್ಕಳು. "ಈ ವಯಸ್ಸಿನ್ಯಾಗ ಯಾಕ್ರೀ ಅಕ್ಕೋರ?"

"ಹೆಂಗ ಬಡೀಬೇಕು ಹೇಳು."

"ಹಿಂಗ ಬಡೀಬೇಕ್ರಿ."

"ಹಿಂಗ ಅಂದ್ರ ಹೆಂಗ?"

"ಹಿಂಗ!"

ಆಕೆಗೂ ಬಾಯಲ್ಲಿ ಹೇಳಲು ಬರಲಿಲ್ಲ. ಎರಡು ದಿನ ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿದೆ. ಎಲ್ಲರ ಕಣ್ಣು ಬಡಿಯುವ ಬಲಗೈ ಮೇಲೆ ಹೋಗುತ್ತದೆ, ನನ್ನದೂ ಹೋಗಿತ್ತು. ಮೂರನೆಯ ದಿನ ಎಡಗೈ ನೋಡಿದೆ. ಬಲಗೈ ಒಂದೊಂದು ಸಲ ಬಡಿದಾಗಲೂ ಎಡಗೈ ಅಂಚನ್ನು ಒಳಗೆ ಒತ್ತಿ, ಒಂದಿಷ್ಟು ತಿರುಗಿಸುತ್ತಿತ್ತು. ಸೀಳುವ ಮೊದಲೇ ಅಂಚು ಮುಚ್ಚುತ್ತಿತ್ತು! "ಎಡಗೈ!" ಎಂದು ಕೂಗಿದೆ. ಆಕೆ ತನ್ನ ಎಡಗೈಯನ್ನು ತಾನೇ ಮೊದಲ ಸಲ ಕಂಡವಳಂತೆ ನೋಡಿಕೊಂಡಳು. "ಹೌದಲ್ರೀ ಅಕ್ಕೋರ! ನನಗ ಗೊತ್ತ ಇರಲಿಲ್ಲ."

ಹನ್ನೊಂದನೆಯ ದಿನ ನನ್ನ ರೊಟ್ಟಿ ಒಡೆಯದೆ ಹಂಚಿಗೆ ಬಿತ್ತು. ಒದ್ದೆ ಬಟ್ಟೆಯಿಂದ ಮೇಲೆ ಸವರಿ ತಿರುವಿ ಹಾಕಿದಾಗ ಉಬ್ಬಿತು. ಆಕಾರ ಮಾತ್ರ ನಮ್ಮ ಜಿಲ್ಲೆಯ ನಕ್ಷೆಯಂತಿತ್ತು.

ಆ ಭಾನುವಾರ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ವಿಡಿಯೋ ಕರೆ ಹಚ್ಚಿದೆ. ಪುಟ್ಟಿಯ ಪಕ್ಕದಲ್ಲಿ ಎದುರು ಮನೆಯ ಅಜ್ಜಿಯೂ ಇದ್ದರು. ನಾನು ಎರಡು ರೊಟ್ಟಿ ಬಡಿದೆ, ಇಬ್ಬರೂ ಮಾತಿಲ್ಲದೆ ನೋಡಿದರು. ಎರಡನೆಯದು ಉಬ್ಬಿದಾಗ ಅಜ್ಜಿ ಚಪ್ಪಾಳೆ ತಟ್ಟಿದರು. ಪುಟ್ಟಿ ತನ್ನ ಕಿವಿಹಾಲೆ ಹಿಡಿದುಕೊಂಡು ಕೇಳಿದಳು:

"ಆಯಿ, ಹಿಟ್ಟು ಇಷ್ಟು ಮೆತ್ತಗ ಇರಬೇಕೇನು?"

ನಾನು ಒಂದು ಕೈಯಲ್ಲಿ ಹಿಟ್ಟು, ಒಂದು ಕೈಯಲ್ಲಿ ನನ್ನ ಕಿವಿ ಹಿಡಿದು ನೋಡಿದೆ. "ಸ್ವಲ್ಪ ಗಟ್ಟಿ. ನೀ ಬಂದು ಮುಟ್ಟಿ ನೋಡು, ಗೊತ್ತಾಗತದ."

ಆಗಸ್ಟಿನಲ್ಲಿ ಅವಳಿಗೆ ಬೇಸಿಗೆ ರಜೆ, ಬರುತ್ತಾಳೆ. ಅಟ್ಟದ ಮೇಲಿದ್ದ ಅವ್ವನ ರೊಟ್ಟಿ ಬಡಿಯುವ ಹಲಗೆಯನ್ನು ಇಳಿಸಿ, ತೊಳೆದು, ಬಿಸಿಲಿಗೆ ಇಟ್ಟಿದ್ದೇನೆ.